ಮೊದಲ ಕಿವಿ

ನಮ್ಮೂರಿನಲ್ಲಿ ಒಂದು ನೋವನ್ನು ಒಂದೇ ಸಲ ಹೇಳಲು ಬರುತ್ತದೆ. ಎರಡನೆಯ ಸಲ ಹೇಳಹೋದರೆ ಬಾಯಿ ತೆರೆಯುತ್ತದೆ, ನಾಲಿಗೆ ಆಡುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ಹಾಗಾಗಿ ನಮ್ಮಲ್ಲಿ ಜಡ್ಡು ಬಿದ್ದವರು ತುಟಿ ಬಿಗಿಹಿಡಿದು ನಡೆಯುತ್ತಾರೆ. ಮಗುವನ್ನು ಶಾಲೆಗೆ ಕಳಿಸುವ ತಾಯಿ "ಬುತ್ತಿ ಚೆಲ್ಲಬ್ಯಾಡ" ಎಂದ ಉಸಿರಿನಲ್ಲೇ "ಹೊಟ್ಟಿ ನೋವು ಬಂದ್ರ ಯಾರ ಮುಂದೂ ಹೇಳಬ್ಯಾಡ, ಸೀದಾ ನನ್ನ ಹತ್ರ ಬಾ" ಎಂದೂ ಹೇಳುತ್ತಾಳೆ. ಸಂತೆಯಲ್ಲಿ ಗೆಳೆಯನ ಮುಂದೆ ಬೆನ್ನುನೋವು ತೋಡಿಕೊಂಡವನು ಆಮೇಲೆ ಡಾಕ್ಟರ ಮುಂದೆ ಮೂಗನ ಹಾಗೆ ಕೂತು, ಕೊನೆಗೆ ಆ ಗೆಳೆಯನನ್ನೇ ಕೈಹಿಡಿದು ಕರೆತರಬೇಕಾಗುತ್ತದೆ. ಕಮ್ಮಾರ ಯಮನೂರಪ್ಪ ಕುಡಿದ ಅಮಲಿನಲ್ಲಿ ತನ್ನ ಹಲ್ಲುನೋವನ್ನು ಎಮ್ಮೆಯ ಮುಂದೆ ಹೇಳಿಕೊಂಡು, ತಿಂಗಳು ಪೂರ್ತಿ ದವಡೆ ಹಿಡಿದು ತಿರುಗಿದ್ದನ್ನು ಊರು ಈಗಲೂ ಆಡಿಕೊಂಡು ನಗುತ್ತದೆ. ಹಲ್ಲಾದರೆ ಕಣ್ಣಿಗೆ ಕಾಣುತ್ತದೆ, ಕಿತ್ತರು, ಮುಗಿಯಿತು. ಕಾಣದ ನೋವಿನ ಗತಿ ಏನು?

ಹೇಳಿ ಮುಗಿಸಿದವರಿಗೆ ಉಳಿಯುವುದು ಒಂದೇ ಮಾತು, "ಹೇಳೇನಿ" ಅನ್ನುವುದು. ಯಾರಾದರೂ ಹಾಗೆ ಅಂದರೆ ನಮ್ಮೂರಿನವರು ಮತ್ತೆ ಏನಾಗೇತಿ ಎಂದು ಕೇಳಿ ಅವರನ್ನು ಗೋಳುಹೊಯ್ದುಕೊಳ್ಳುವುದಿಲ್ಲ. "ಯಾರ ಮುಂದ ಹೇಳೀರಿ?" ಎಂದು ಕೇಳಿ ಆ ಮನೆಗೆ ಹೋಗುತ್ತಾರೆ. ಕೇಳಿಸಿಕೊಂಡವನಿಗೆ ಅದನ್ನು ಎಷ್ಟು ಸಲ ಬೇಕಾದರೂ ಹೇಳಲು ಬರುತ್ತದೆ, ತನ್ನ ನೋವಲ್ಲವಲ್ಲ. ಅವನು ನೋವಿನವರ ಎದುರು ನಿಂತು, ಅವರು ಅಂದ ಮಾತನ್ನೇ ಅಂದರೆ ಅವರ ತಲೆ ಹೌದೆಂದು ಆಡುತ್ತದೆ. ಆಮೇಲೆ ಡಾಕ್ಟರು ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಉತ್ತರ ಕೊಡಬಹುದು. ಆದರೆ ಕೇಳಿದವನು ಮಾತು ತಪ್ಪಿಸಿದನೋ, ಹೌದೂ ಇಲ್ಲ, ಅಲ್ಲವೂ ಇಲ್ಲ. ಅವರು ಸುಮ್ಮನೆ ಅವನ ಮುಖ ನೋಡುತ್ತಾ ಕೂರುತ್ತಾರೆ.

ನಾನು ಅಡಿವೆಪ್ಪ. ಹಳೇ ಅಗಸಿ ಬಾಗಿಲ ಪಕ್ಕದ ಔಷಧಿ ಅಂಗಡಿ ನನ್ನದು, ನನಗಿಂತ ಮೊದಲು ನಮ್ಮಪ್ಪನದು. ನಮ್ಮೂರ ದವಾಖಾನೆ ಇರುವುದು ಗುಡ್ಡದ ಮೇಲೆ. ಮೆಟ್ಟಿಲುಗಳೇ ನೂರಾ ಹತ್ತು. ಕಟ್ಟಿದ ಪುಣ್ಯಾತ್ಮನಿಗೆ ಮಂಡಿನೋವು ಇರಲಿಲ್ಲವೆಂದು ಕಾಣುತ್ತದೆ. ನೋವಿದ್ದವರು ಅಷ್ಟು ದೂರ ಹತ್ತುವ ತನಕ ಬಾಯಿ ಕಟ್ಟಿಕೊಂಡಿರುವುದು ಆಗದ ಮಾತು. ದಾರಿಯಲ್ಲಿ ನನ್ನ ಅಂಗಡಿ ಸಿಗುತ್ತದೆ, ಕೌಂಟರಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ, ನಿಂತಲ್ಲೇ ಬಾಯಿಂದ ಉದುರಿಬಿಡುತ್ತದೆ. ಅದಕ್ಕೇ ಔಷಧಿ ಅಂಗಡಿಯವನನ್ನು ಇಲ್ಲಿ ಮೊದಲ ಕಿವಿ ಅನ್ನುತ್ತಾರೆ. ಅಂಗಡಿ ಇಡಲು ಪರವಾನಗಿ ಬೇಕಾದರೆ ಮೂರು ಜನ ಹೇಳಿದ ನೋವನ್ನು ಅಕ್ಷರ ತಪ್ಪದೆ ಒಪ್ಪಿಸಬೇಕು. ನಾನು ಒಂದೇ ಸಲಕ್ಕೆ ಪಾಸಾದವನು. ಜಂಬ ಅನ್ನಿ, ಏನು ಬೇಕಾದರೂ ಅನ್ನಿ, ಮೂವತ್ತು ವರ್ಷ ಆ ಜಂಬದಲ್ಲೇ ಬದುಕಿದೆ.

ಮೊದಲು ಚೀಟಿ ಬರೆದು ಗುಡ್ಡಕ್ಕೆ ಕಳಿಸುತ್ತಿದ್ದೆವು. "ಅವರು ಅಂದದ್ದನ್ನ ಬರಿ, ನೀ ತಿಳಕೊಂಡದ್ದು ಬರೀಬ್ಯಾಡ" ಎಂದು ಅಪ್ಪ ಹೇಳಿಕೊಟ್ಟಿದ್ದ. ಹಾಗೇ ಬರೆಯುತ್ತಿದ್ದೆ. 'ಎದಿಯಾಗ ಕಾಗಿ ಕುಂತಂಗ ಆಗತೈತಿ' ಅಂದವರಿದ್ದರು, 'ಕರುಳು ಕೊಡ ಹೊತಗೊಂಡು ಓಡ್ಯಾಡತಾವ' ಅಂದವರಿದ್ದರು. ಎಲ್ಲ ಚೀಟಿಯಲ್ಲಿ ಹಾಗೇ ಹೋಗುತ್ತಿತ್ತು. ಎರಡು ವರ್ಷದ ಹಿಂದೆ ಚೀಟಿ ನಿಂತು ಕಂಪ್ಯೂಟರ್ ಬಂತು. ನಾನು ಇಲ್ಲಿ ಒತ್ತಿದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಗುಡ್ಡದ ಮೇಲೆ ಡಾಕ್ಟರ ಮುಂದಿನ ಕಡತದಲ್ಲಿ ಮೂಡುತ್ತದೆ. ಮಳೆಯಲ್ಲಿ ಚೀಟಿ ತೊಯ್ದಿತು, ಗಾಳಿಗೆ ಹಾರಿತು ಎನ್ನುವ ರಗಳೆಯೇ ಇಲ್ಲ. ಚೀಟಿ ದಾರಿಯಲ್ಲಿದ್ದಾಗಲೇ ಜೀವ ಹೋದವರು ನಮ್ಮೂರಿನಲ್ಲಿ ಇಬ್ಬರಿದ್ದಾರೆ. ಆದ್ದರಿಂದ ನಾನು ಆ ಯಂತ್ರವನ್ನು ಬೈಯುವವನಲ್ಲ. ಒಳ್ಳೆಯದನ್ನೇ ಮಾಡಿತು.

ಅದರಲ್ಲಿ ಒಂದು ಪಟ್ಟಿ ಇತ್ತು. ತಲೆನೋವು, ಜ್ವರ, ಅಜೀರ್ಣ, ನಿಶ್ಶಕ್ತಿ, ಹೀಗೆ ಅರವತ್ತು ಪದ. ಒಂದನ್ನು ಆರಿಸಿ ಒತ್ತಿದರೆ ಸಾಕು. ಪಟ್ಟಿಯ ಕೊನೆಗೆ 'ಇತರೆ' ಎಂಬ ಖಾಲಿ ಜಾಗವೂ ಇತ್ತು, ಅಲ್ಲಿ ಜನ ಅಂದದ್ದನ್ನು ಅಂದ ಹಾಗೆ ಬರೆಯಬಹುದಿತ್ತು. ಆದರೆ ಕನ್ನಡ ಅಕ್ಷರ ಹುಡುಕಿ ಹುಡುಕಿ ಒಂದು ಬೆರಳಿನಲ್ಲಿ ಒತ್ತುವುದೆಂದರೆ ನನಗೆ ಜೀವ ಹೋದ ಹಾಗೆ. ಮುಂದೆ ಹತ್ತು ಜನ ನಿಂತಿರುತ್ತಾರೆ. ಮೊದಲ ತಿಂಗಳು ಬರೆದೆ. ಎರಡನೇ ತಿಂಗಳು ಅರ್ಧ ಬರೆದೆ. ಆಮೇಲೆ ಕಾಗೆ, ಕೊಡ ಎಲ್ಲ ಬಿಟ್ಟು ಪಟ್ಟಿಯಿಂದಲೇ ಆರಿಸತೊಡಗಿದೆ. ಇನ್ನೊಂದು ವಿಷಯ ಹೇಳಬೇಕು. ಅದರಲ್ಲಿ ಒಂದು ಮನೆಗೆ ಒಂದು ಕಡತ. ತೆರೆದ ಕೂಡಲೇ ಮನೆಯ ಯಜಮಾನನ ಹೆಸರು ಮೇಲೆ ಬರುತ್ತದೆ. ಬೇರೆಯವರದು ಬೇಕಾದರೆ ಕೆಳಗೆ ಹೋಗಿ ಹುಡುಕಬೇಕು.

ಇಂದ್ರವ್ವ ಪೇಂಟರ್ ಮಡಿವಾಳಪ್ಪನ ಹೆಂಡತಿ. ಮಡಿವಾಳಪ್ಪ ನನ್ನ ವಾರಿಗೆಯ ಗೆಳೆಯ, ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು. ಒಂಬತ್ತು ವರ್ಷದ ಹಿಂದೆ ಹತ್ತಿ ಗಿರಣಿಯ ಗೋಡೆ ಮೇಲೆ ಅಕ್ಷರ ಬರೆಯುವಾಗ ಏಣಿ ಜಾರಿ ಬಿದ್ದ. ಸೊಂಟದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ಮಾತು ಇದೆ, ಕೈ ಇದೆ, ಹಾಸಿಗೆ ಬಿಟ್ಟು ಏಳುವಂತಿಲ್ಲ. ಅಂದಿನಿಂದ ಪ್ರತಿ ಮಂಗಳವಾರ ಇಂದ್ರವ್ವ ಬಂದು ಅವನ ವಾರದ ಗುಳಿಗೆ ಒಯ್ಯುತ್ತಿದ್ದಳು. ಒಂದು ವಾರವೂ ತಪ್ಪಿಸಿದವಳಲ್ಲ. ಗೆಳೆಯನ ಹೆಂಡತಿಯಾದ್ದರಿಂದ ನಾನು ತಂಗಿ ಅನ್ನುತ್ತಿದ್ದೆ, ಅವಳು ಅಣ್ಣಾರ ಅನ್ನುತ್ತಿದ್ದಳು. "ಮಡಿವಾಳಪ್ಪ ಹೆಂಗದಾನ?" ಎಂದು ಕೇಳುವುದು, "ಅದಾರ್ರಿ" ಎಂದು ಅವಳು ಹೇಳುವುದು, ಗುಳಿಗೆ ಕಟ್ಟಿ ಕೊಡುವುದು. ಒಂಬತ್ತು ವರ್ಷ ನಮ್ಮ ಮಾತು ಇಷ್ಟೇ.

ಒಂದು ಮಂಗಳವಾರ ಅಂಗಡಿಯಲ್ಲಿ ಜಾತ್ರೆಯ ಹಾಗೆ ಜನ. ಊರಿಗೆಲ್ಲ ಕಣ್ಣುಬೇನೆ ಬಂದಿತ್ತು. ಇಂದ್ರವ್ವ ಸರದಿಯಲ್ಲಿ ನಿಂತು ನಿಂತು ಮುಂದೆ ಬಂದಳು. ನಾನು ತಲೆ ಎತ್ತಲಿಲ್ಲ, ಮಡಿವಾಳಪ್ಪನ ಕಡತ ತೆರೆದು, "ಹೆಂಗೈತಿ ತಂಗಿ?" ಅಂದೆ. ಮಡಿವಾಳಪ್ಪನ ಹೆಸರನ್ನೂ ಅನ್ನಲಿಲ್ಲ. ಅವಸರ.

"ಸಾಕಾಗೇತ್ರಿ ಅಣ್ಣಾರ," ಅಂದಳು.

ಪಾಪ, ಮಲಗಿ ಮಲಗಿ ಸಾಕಾಗಿರಬೇಕು ಅವನಿಗೆ ಅಂದುಕೊಂಡೆ. ಪಟ್ಟಿಯಲ್ಲಿ 'ನಿಶ್ಶಕ್ತಿ' ಕಂಡಿತು, ಒತ್ತಿದೆ. ಮುಂದಿನವರ ಕಣ್ಣಿನ ಔಷಧಿ ತೆಗೆಯುವುದರೊಳಗೆ ಗುಡ್ಡದಿಂದ ಡಾಕ್ಟರ ಉತ್ತರವೂ ಬಂತು, ಮಡಿವಾಳಪ್ಪನಿಗೆ ಒಂದು ಟಾನಿಕ್. ಎಷ್ಟು ಬೇಗ ಬಂತು ನೋಡು ಎಂದು ಒಳಗೊಳಗೇ ಹಿಗ್ಗಿದೆ. ಬಾಟಲಿ ತೆಗೆದು ಗುಳಿಗೆಯ ಜೊತೆ ಇಟ್ಟೆ. ಇಂದ್ರವ್ವ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅವರಿಗೇನ್ರಿ?"

"ಹೂಂ ಮತ್ತ, ಇನ್ಯಾರಿಗೆ? ಊಟಾದ ಮ್ಯಾಲೆ ಎರಡು ಚಮಚ ಕೊಡು. ಹಾಂ, ಮುಂದಿನವರು ಬರ್ರಿ."

ಅವಳು ಹೋದಳು. ಮುಂದಿನ ಮಂಗಳವಾರವೂ ಬಂದಳು. ಗುಳಿಗೆ ಕೊಟ್ಟ ಮೇಲೂ ಹೋಗದೆ ಕೌಂಟರಿನ ಅಂಚು ಹಿಡಿದು ನಿಂತಿದ್ದಳು. "ಮತ್ತೇನರ ಬೇಕೇನು?" ಅಂದೆ. ಬಾಯಿ ತೆರೆದಳು, ಮುಚ್ಚಿದಳು. ಆಕಳಿಸಿದಳು ಅಂದುಕೊಂಡೆ ನೋಡಿ. ಬಾಯಿ ಕಟ್ಟಿದವರನ್ನು ಮೂವತ್ತು ವರ್ಷ ನೋಡಿದ ಮನುಷ್ಯ ನಾನು, ಆಕಳಿಕೆ ಅಂದುಕೊಂಡೆ. ನನ್ನ ಕಣ್ಣಿಗೆ ಯಾವ ಬೇನೆ ಬಂದಿತ್ತೋ.

ಮೂರನೆಯ ಮಂಗಳವಾರ ಅವಳು ಒಬ್ಬಳೇ ಬರಲಿಲ್ಲ. ಜೊತೆಗೆ ನಾದಿನಿ ಶಂಕ್ರವ್ವ ಇದ್ದಳು, ಮಡಿವಾಳಪ್ಪನ ತಂಗಿ, ಪಕ್ಕದ ಓಣಿಯಲ್ಲಿ ಇರುವವಳು. ಇಂದ್ರವ್ವ ಅವಳನ್ನು ಮುಂದೆ ನಿಲ್ಲಿಸಿ, "ಇನ್ಮ್ಯಾಲೆ ಇಕಿ ಬರ್ತಾಳ್ರಿ ಅಣ್ಣಾರ, ಗುಳಿಗಿ ಒಯ್ಯಾಕ. ಯಾವುದು ಮುಂಜಾನೆದು, ಯಾವುದು ಸಂಜಿದು, ಎಲ್ಲಾ ಕಲಿಸೇನಿ," ಅಂದಳು. ಮುಖ ತೊಳೆದ ಪಾಟಿಯ ಹಾಗೆ ಇತ್ತು, ಏನೂ ಬರೆದಿರಲಿಲ್ಲ.

"ಯಾಕವಾ, ನೀ ಎಲ್ಲಿಗೆ ಹೊಂಟಿ? ತವರಮನಿಗೇನು?" ಎಂದು ನಾನು ನಗುತ್ತಾ ಕೇಳಿದೆ.

ಅವಳ ತುಟಿ ಆಡಿತು. ಮಾತು ಬರಲಿಲ್ಲ. ಇನ್ನೊಮ್ಮೆ ಆಡಿತು, ಬರಲಿಲ್ಲ. ಆಮೇಲೆ ನನ್ನ ಕಣ್ಣನ್ನೇ ನೋಡುತ್ತಾ, "ನಿಮಗ ಹೇಳೇನಲ್ರಿ ಅಣ್ಣಾರ," ಅಂದಳು.

ಗುಳಿಗೆಯ ಚೀಲವನ್ನು ಶಂಕ್ರವ್ವನ ಕೈಗೆ ಕೊಟ್ಟಳು, ಇಬ್ಬರೂ ಹೊರಟುಹೋದರು.

ನನಗೆ ಹೇಳಿದ್ದಾಳೆ! ಏನು ಹೇಳಿದ್ದಾಳೆ? ಯಾವಾಗ ಹೇಳಿದ್ದಾಳೆ? ಕಡತ ತೆರೆದೆ. ಕೆಳಗೆ ಹೋಗಿ ಇಂದ್ರವ್ವನ ಹೆಸರು ಹುಡುಕಿದೆ. ಹೆಸರಿತ್ತು, ವಯಸ್ಸಿತ್ತು, ನಲವತ್ತಾರು. ಅದರ ಕೆಳಗೆ ಒಂದು ಅಕ್ಷರವಿಲ್ಲ. ಚೀಟಿಗಳನ್ನೆಲ್ಲ ಕಡತಕ್ಕೆ ಏರಿಸಿದ್ದರು, ಆದರೂ ಒಂಬತ್ತು ವರ್ಷದಲ್ಲಿ ಅವಳ ಹೆಸರಿಗೆ ಒಂದು ನೆಗಡಿಯೂ ಇರಲಿಲ್ಲ. ಒಂಬತ್ತು ವರ್ಷ ನೆಗಡಿ ಬಾರದ ಮನುಷ್ಯರಿರುತ್ತಾರೆಯೇ? ಆ ಪ್ರಶ್ನೆ ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಅಂಗಡಿಯನ್ನು ಹಾಗೇ ಬಿಟ್ಟು ಮೆಟ್ಟಿಲು ಹತ್ತಿದೆ. ಸರದಿಯಲ್ಲಿದ್ದವರು ಕೂಗುತ್ತಿದ್ದರು, ಕೂಗಲಿ. ಮೇಲೆ ಮುಟ್ಟುವಾಗ ನನಗೆ ಉಸಿರು ಬಾಯಿಗೆ ಬಂದಿತ್ತು. ನಮ್ಮ ಅಗಸಿ ಕಡೆಯ ಮನೆಗಳನ್ನೆಲ್ಲ ನೋಡುವವರು ತಸ್ನೀಮ್ ಡಾಕ್ಟರ್ ಬಾಯಾರು. ನನ್ನ ಮಗಳ ವಯಸ್ಸಿನವರು, ನನ್ನನ್ನು ಕಾಕಾ ಅನ್ನುತ್ತಾರೆ. ಅವರು ನನ್ನ ಅವತಾರ ನೋಡಿ ಕುರ್ಚಿ ಸರಿಸಿ, "ಕೂಡ್ರಿ ಕಾಕಾ, ಮೊದ್ಲ ನೀರು ಕುಡೀರಿ," ಅಂದರು.

"ನೀರು ಇರಲಿ ಬಾಯಾರ. ಮಡಿವಾಳಪ್ಪನ ಹೇಣ್ತಿ ಇಂದ್ರವ್ವ, ನನಗ ಹೇಳ್ಯಾಳಂತ. ಅಕಿ ಹೆಸರಿನ ಮುಂದ ಏನೂ ಇಲ್ಲ. ನನಗ ನೆನಪ ಇಲ್ಲ."

ಅವರು ತಮ್ಮ ಪರದೆ ತೆರೆದರು. "ಇಲ್ಲೂ ಖಾಲಿನ ಐತಿ. ಈ ಮನಿಯಿಂದ ಈ ತಿಂಗಳು ಬಂದದ್ದು ಒಂದ. ಮಡಿವಾಳಪ್ಪಾರಿಗೆ ನಿಶ್ಶಕ್ತಿ ಅಂತ ಕಳಿಸೀರಿ. ನಾ ಟಾನಿಕ್ ಬರದೇನಿ."

"ಹೌದ್ರಿ, ಅದನ್ನ ಹೇಳಿದಾಕಿ ಇಂದ್ರವ್ವನ."

"ನಿಶ್ಶಕ್ತಿ ಅಂತ ಅಂದ್ರಾ ಅವರು?"

"ಹಂಗ ಯಾರು ಮಾತಾಡ್ತಾರ್ರಿ? ಸಾಕಾಗೇತಿ ಅಂದ್ಲು. ನಾ ಪಟ್ಟ್ಯಾಗಿಂದು ಆರಿಸಿದೆ."

ಡಾಕ್ಟರ್ ಬಾಯಾರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

"ಯಾರಿಗೆ?"

ಸಾಕಾಗೇತಿ ಎಂದು ನಾವು ದಿನಕ್ಕೆ ಎಷ್ಟು ಸಲ ಅನ್ನುವುದಿಲ್ಲ? ಹೊಲದಿಂದ ಬಂದು ಕಟ್ಟೆಗೆ ಕೂತವನೂ ಅನ್ನುತ್ತಾನೆ, ಮಕ್ಕಳ ಗಲಾಟೆಗೆ ರೋಸಿದ ತಾಯಿಯೂ ಅನ್ನುತ್ತಾಳೆ. ನನಗೆ ಎಂದು ಸೇರಿಸಿ ಹೇಳುವವರು ಯಾರೂ ಇಲ್ಲ. ಅನ್ನುವವರ ಮುಖ ನೋಡಿದರೆ ಯಾರಿಗೆ, ಏತರಿಂದ, ಎಷ್ಟು ಎಂಬುದು ತಿಳಿಯುತ್ತದೆ. ನಾನು ಮುಖ ನೋಡಿರಲಿಲ್ಲ. ಬದುಕೇ ಸಾಕಾಗಿದೆ ಎಂದು ಒಬ್ಬ ಹೆಂಗಸು ನನ್ನ ಮುಂದೆ ನಿಂತು, ತನಗಿದ್ದ ಒಂದೇ ಅವಕಾಶದಲ್ಲಿ ಹೇಳಿದಳು. ನಾನು ಅದನ್ನು ಅವಳ ಗಂಡನ ಹೆಸರಿಗೆ ಬರೆದು, ಅವನಿಗೆ ಟಾನಿಕ್ ಕೊಟ್ಟು ಕಳಿಸಿದೆ. ಇದು ಅವರಿಗೇನ್ರಿ ಎಂದು ಅವಳು ಕೇಳಿದ್ದಳು. ಅದಕ್ಕಿಂತ ಹೆಚ್ಚು ಕೇಳಲು ಅವಳಿಗೆ ಬರುತ್ತಿರಲಿಲ್ಲ.

"ಇವತ್ತು ನಾದಿನಿನ ಕರಕೊಂಡು ಬಂದಿದ್ಲು ಬಾಯಾರ," ಅಂದೆ. "ಇನ್ಮ್ಯಾಲೆ ಇಕಿ ಬರ್ತಾಳ ಅಂದ್ಲು."

ಡಾಕ್ಟರ್ ಬಾಯಾರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. "ತಪ್ಪು ನಿಮ್ಮದೊಂದ ಅಲ್ಲ ಕಾಕಾ. ಮಕ್ಕೊಂಡಾವರಿಗೆ ಒಮ್ಮಿಂದೊಮ್ಮೆ ಯಾಕ ನಿಶ್ಶಕ್ತಿ ಅಂತ ನಾನೂ ಕೇಳಲಿಲ್ಲ. ನಡೀರಿ," ಅಂದರು. ಮೆಟ್ಟಿಲು ಇಳಿದೆವು. ದೇವರೇ, ಅವಳು ಮನೆಯಲ್ಲಿರಲಿ, ಇದೊಂದು ಸಲ ಕಾಪಾಡು ಎಂದು ಹೆಜ್ಜೆಗೊಂದು ಸಲ ಬೇಡಿಕೊಂಡೆ.

ಇಂದ್ರವ್ವ ಮನೆಯಲ್ಲಿದ್ದಳು. ಇದ್ದಳು ಅಂದರೆ ಹೊಸ್ತಿಲಲ್ಲಿ ಇದ್ದಳು. ಬಾಗಿಲಲ್ಲಿ ನೀರು ಹೊಡೆದಿದ್ದಳು, ಒಳಗೆ ಸಾರಿಸಿ ಗುಡಿಸಿ ಮನೆ ಥಳಥಳ ಇತ್ತು. ಗೋಡೆಯ ಗೂಡಿನಲ್ಲಿ ಗುಳಿಗೆ ಡಬ್ಬಿಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮೇಲೂ ಚೀಟಿ ಅಂಟಿಸಿ ದಪ್ಪ ಅಕ್ಷರದಲ್ಲಿ ಮುಂಜಾನೆ, ಮಧ್ಯಾಹ್ನ, ಸಂಜೆ ಎಂದು ಬರೆದಿದ್ದಳು. ಶಂಕ್ರವ್ವ ಒಳಗೆ ಒಲೆಯ ಮುಂದೆ ಇದ್ದಳು. ಇಂದ್ರವ್ವ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕಾಲಿಗೆ ಚಪ್ಪಲಿ ಮೆಟ್ಟಿದ್ದಳು. ಕೈಯಲ್ಲಿ ಚೀಲ ಇರಲಿಲ್ಲ. ಊರಿಗೆ ಹೊರಟವರ ಕೈಯಲ್ಲಿ ಒಂದು ಚೀಲವಾದರೂ ಇರುತ್ತದೆ.

ನಮ್ಮಿಬ್ಬರನ್ನೂ ಕಂಡು ನಿಂತಳು. ಡಾಕ್ಟರ್ ಬಾಯಾರು ಅವಳ ದಾರಿಗೆ ಅಡ್ಡ ನಿಲ್ಲಲಿಲ್ಲ, ಪಕ್ಕದಲ್ಲಿ ನಿಂತು ನನ್ನ ಕಡೆ ನೋಡಿದರು. ಹೇಳಬೇಕಾದವನು ನಾನು. ಪರವಾನಗಿ ಪರೀಕ್ಷೆಯ ದಿನ ನಾನು ಹೆದರಿರಲಿಲ್ಲ, ಈಗ ಹೆದರಿದೆ.

"ತಂಗಿ," ಅಂದೆ, "ನೀ ಅವತ್ತು... ಭಾಳ ದಣಿವಾಗೇತಿ ಅಂತ..."

ಅವಳ ತಲೆ ಅಲ್ಲಾಡಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮತ್ತೆ ನನ್ನ ಮಾತನ್ನೇ ಅವಳ ಬಾಯಿಗೆ ಹಾಕಿದ್ದೆ. ಅವಳು ಒಂದು ಹೆಜ್ಜೆ ಹೊರಗಿಟ್ಟಳು.

"ಅವರ ಮಾತು ಹೇಳ್ರಿ ಕಾಕಾ," ಅಂದರು ಡಾಕ್ಟರ್ ಬಾಯಾರು. "ನಿಮ್ಮದು ಬ್ಯಾಡ."

ನಾನು ಕೈ ಮುಗಿದೆ. ಯಾಕೆ ಮುಗಿದೆನೋ ಗೊತ್ತಿಲ್ಲ, ಮುಗಿದೆ. "ಹದಿನಾಲ್ಕು ದಿನ ಆತು. ಮಂಗಳವಾರ. ನಾ ನಿನ್ನ ಮಾರಿ ನ್ವಾಡಲಿಲ್ಲ, ಹೆಂಗೈತಿ ತಂಗಿ ಅಂದೆ. ನೀ, ಸಾಕಾಗೇತ್ರಿ ಅಣ್ಣಾರ, ಅಂದಿ. ನಿನಗ ಸಾಕಾಗೇತಿ. ಮಡಿವಾಳಪ್ಪಗಲ್ಲ, ನಿನಗ. ನಾ ಅವನ ಹೆಸರಿಗೆ ಬರದೆ. ಯಾರಿಗೆ ಅಂತ ಕೇಳಲಿಲ್ಲ ಯವ್ವಾ. ಕೇಳಬೇಕಾಗಿತ್ತು, ಕೇಳಲಿಲ್ಲ."

ಇಂದ್ರವ್ವನ ತಲೆ ಒಮ್ಮೆ ಆಡಿತು. ಇನ್ನೊಮ್ಮೆ ಆಡಿತು. ಆಮೇಲೆ ನಿಲ್ಲಿಸಲು ಬಾರದೆ ಆಡತೊಡಗಿತು, ಹೌದು, ಹೌದು, ಹೌದು. ಹೊಸ್ತಿಲ ಮೇಲೆ ಕುಸಿದು ಕೂತಳು. ಡಾಕ್ಟರ್ ಬಾಯಾರು ನೆಲಕ್ಕೇ ಕೂತು ಅವಳ ಕೈ ಹಿಡಿದರು. "ಜೀವಾನ ಬ್ಯಾಡ ಅನಿಸೇತೇನು ಅಕ್ಕಾ?" ಎಂದು ಮುಚ್ಚುಮರೆಯಿಲ್ಲದೆ ಕೇಳಿದರು. ಹಾಗೆ ಕೇಳಬಾರದೇನೋ ಎಂದು ನನಗೆ ಹೆದರಿಕೆಯಾಯಿತು. ಇಂದ್ರವ್ವ ಹೌದೆಂದು ತಲೆಯಾಡಿಸಿ, ಬಾಯಾರ ಹೆಗಲಿಗೆ ಹಣೆ ಹಚ್ಚಿ ಅತ್ತಳು. ಅಳುವಿಗೆ ನಮ್ಮೂರಿನಲ್ಲಿ ಲೆಕ್ಕವಿಲ್ಲ, ಎಷ್ಟು ಸಲ ಬೇಕಾದರೂ ಅಳಬಹುದು. ಒಂಬತ್ತು ವರ್ಷದ್ದು ಅತ್ತಳು.

ಒಳಗಿನಿಂದ ಮಡಿವಾಳಪ್ಪನ ದನಿ ಬಂತು. "ಅಡಿವೆಪ್ಪಾ."

ಹೋದೆ. ಅವನು ಸೂರು ನೋಡುತ್ತಾ ಮಲಗಿದ್ದ. ತಲೆದೆಸೆಯಲ್ಲಿ ಆ ಟಾನಿಕ್ ಬಾಟಲಿ, ಅರ್ಧಕ್ಕಿಂತ ಕೆಳಗಿಳಿದಿತ್ತು.

"ಇದು ನಂದಲ್ಲ ಅಂತ ನನಗ ಮೊದಲ ದಿನಾನ ಗೊತ್ತಾತೋ," ಅಂದ. "ಮಕ್ಕೊಂಡಾಂವಗ ಎಲ್ಲಿ ದಣಿವು? ಯಾರದು ಅಂತನೂ ಗೊತ್ತಾತು. ಕೇಳಾಕ ಅಂಜಿಕಿ ಆತು. ಕೇಳಿದ್ರ ಅಕಿ ಹೇಳೇನಿ ಅಂತಿದ್ಲು, ನಾ ಏನು ಮಾಡ್ಲಿ? ಸುಮ್ಮನ ಕುಡದೆ. ಎರಡು ವಾರ ಅಕಿ ಔಷಧ ನಾ ಕುಡದ್ನೆಪಾ."

ಅವನ ಕಣ್ಣೀರು ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿದೆ.

ಅಂದೇ ಡಾಕ್ಟರ್ ಬಾಯಾರು ಇಂದ್ರವ್ವನನ್ನು ತಮ್ಮ ಜೊತೆ ಗುಡ್ಡಕ್ಕೆ ಕರೆದೊಯ್ದರು. ಐದು ವಾರ ಅಲ್ಲಿಟ್ಟುಕೊಂಡು ಔಷಧಿ ಕೊಟ್ಟರು, ನಿದ್ದೆ ಮಾಡಿಸಿದರು, ದಿನಾ ಪಕ್ಕದಲ್ಲಿ ಕೂತರು. ಮನೆಯನ್ನು ಶಂಕ್ರವ್ವ ನೋಡಿಕೊಂಡಳು. ಮಡಿವಾಳಪ್ಪನಿಗೆ ಸ್ನಾನ ಮಾಡಿಸಿ, ಹೊರಳಿಸಿ ಮಲಗಿಸಿ, ಬೆನ್ನಿಗೆ ಪುಡಿ ಹಾಕುವ ಕೆಲಸವನ್ನು ವಾರಕ್ಕೆ ಎರಡು ದಿನ ನಾನು ವಹಿಸಿಕೊಂಡೆ. ಮೊದಲ ದಿನ ಒಂದು ತಾಸಿಗೇ ನನ್ನ ಸೊಂಟ ಬಿದ್ದುಹೋಯಿತು. ಮನೆಗೆ ಬಂದು ನೆಲಕ್ಕೆ ಬೆನ್ನು ಹಚ್ಚಿದವನಿಗೆ ಬಾಯಿಗೆ ಬಂದ ಮಾತು ಅದೇ. ಅನ್ನಲಿಲ್ಲ, ನುಂಗಿದೆ. ಅವಳು ಇದನ್ನು ದಿನಕ್ಕೆರಡು ಹೊತ್ತು, ಒಂಬತ್ತು ವರ್ಷ ಮಾಡಿದ್ದಳು.

ಆರೋಗ್ಯ ಕಚೇರಿಗೂ ಹೋದೆ. ಕಡತ ತೆರೆದ ಕೂಡಲೇ ಯಜಮಾನನ ಹೆಸರು ಬರಬಾರದು, ಯಾರಿಗೆ ಎಂದು ಮೊದಲು ಕೇಳಬೇಕು, ಅಂದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವನೇ, ಚಹಾ ಕೊಟ್ಟ, ಮೇಲಿನವರಿಗೆ ಬರೆಯುತ್ತೇನೆ ಅಂದ. ಬರೆದಿರಬಹುದು. ಮೇಲಿನವರು ಓದುವ ತನಕ ಇರಲಿ ಎಂದು ಕಂಪ್ಯೂಟರಿನ ನೆತ್ತಿಗೆ ಒಂದು ಕಾಗದ ಅಂಟಿಸಿ 'ಯಾರಿಗೆ?' ಎಂದು ಬರೆದುಕೊಂಡೆ. ಈಗ ಪಟ್ಟಿಯನ್ನು ಮುಟ್ಟುವುದಿಲ್ಲ. ಒಂದು ಬೆರಳಿನಲ್ಲೇ, ಇತರೆಯ ಜಾಗದಲ್ಲೇ, ಜನ ಅಂದದ್ದನ್ನೇ ಬರೆಯುತ್ತೇನೆ. ಸರದಿ ಅಗಸಿ ಬಾಗಿಲ ತನಕ ಬೆಳೆಯುತ್ತದೆ. "ಅಡಿವೆಪ್ಪಣ್ಣಾ, ಪುರಾಣ ಬರೀತೀಯೇನು?" ಎಂದು ಕೂಗುತ್ತಾರೆ. ಕೇಳಿದವರಿಗೆಲ್ಲ ನನ್ನ ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ನೋವಿನ ಲೆಕ್ಕಕ್ಕೆ ಬರುವುದಿಲ್ಲವೆಂದು ಕಾಣುತ್ತದೆ, ಇದನ್ನು ಎಷ್ಟು ಜನರ ಮುಂದೆ ಹೇಳಿದರೂ ನನ್ನ ಬಾಯಿ ಕಟ್ಟಿಲ್ಲ.

ಇಂದ್ರವ್ವ ಮನೆಗೆ ಬಂದಳೆಂದು ತಿಳಿಯಿತು. ಮಂಗಳವಾರಗಳಲ್ಲಿ ಶಂಕ್ರವ್ವನೇ ಬರುತ್ತಿದ್ದಳು. ನಾನಾಗಿ ಕೇಳಲು ಧೈರ್ಯ ಸಾಲಲಿಲ್ಲ. ನನ್ನ ಮುಂದೆ ಅವಳು ಇನ್ನೆಂದೂ ಬಾಯಿ ಬಿಡಲಿಕ್ಕಿಲ್ಲ, ಬಿಡಲೂಬಾರದು, ಅಂದುಕೊಂಡಿದ್ದೆ. ಒಂದು ಕಿವಿ ಕೆಟ್ಟಿತೆಂದು ತಿಳಿದ ಮೇಲೆ ಯಾರು ಅದರೊಳಗೆ ಮಾತು ಹಾಕುತ್ತಾರೆ?

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಬಂದಳು. ಒಬ್ಬಳೇ. ಮೈ ಸ್ವಲ್ಪ ತುಂಬಿಕೊಂಡಿದ್ದಳು, ಮುಖದಲ್ಲಿ ಬಣ್ಣ ಇತ್ತು, ಬಲು ಹುಷಾರಾದವಳ ಹಾಗೇನೂ ಕಾಣಲಿಲ್ಲ. ನಾನು ಎದ್ದು ನಿಂತೆ. ಮುಖ ನೋಡಿದೆ. "ಹೆಂಗೈತಿ ತಂಗಿ?" ಅಂದೆ. ಆಮೇಲೆ ತಡೆಯಲಾರದೆ, "ನಿನಗ. ನಿನಗ ಹೆಂಗೈತಿ?" ಅಂದೆ.

ರಸ್ತೆಯಲ್ಲಿ ಯಾರೋ ಹೋದರು, ಬಂದರು. ಹೇಳಬೇಕೋ ಬೇಡವೋ, ಇವನ ಮುಂದೆ ಹೇಳಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂದು ತೂಗಿ ನೋಡುತ್ತಿದ್ದಳು. ಅದು ನನಗೆ ಕಾಣುತ್ತಿತ್ತು.

"ನನಗ," ಅಂದಳು ಕೊನೆಗೆ, "ಎಡಗಡೆ ಮೊಣಕಾಲು ಹಿಡಕೊಂಡೈತ್ರಿ ಅಣ್ಣಾರ. ನಾಲ್ಕು ದಿನ ಆತು."

ಒಬ್ಬರ ಮೊಣಕಾಲ ಮಾತು ಕೇಳಿ ಯಾರಾದರೂ ಸಂತೋಷಪಡುತ್ತಾರೆಯೇ? ನಾನು ಪಟ್ಟೆ. ಕಣ್ಣು ಮಂಜಾಗಿ ಅಕ್ಷರಗಳೇ ಕಾಣಲಿಲ್ಲ. ಕಡತ ತೆರೆದು, ಮಡಿವಾಳಪ್ಪನನ್ನು ದಾಟಿ ಕೆಳಗೆ ಹೋಗಿ, ಅವಳ ಹೆಸರಿನ ಮುಂದೆ ಒಂದೊಂದೇ ಅಕ್ಷರ ಒತ್ತಿದೆ. ಪರದೆಯನ್ನು ಅವಳ ಕಡೆ ತಿರುಗಿಸಿ ಗಟ್ಟಿಯಾಗಿ ಓದಿದೆ. "ಇಂದ್ರವ್ವ. ಎಡ ಮೊಣಕಾಲು ನೋವು. ನಾಲ್ಕು ದಿನ."

ಅವಳ ತಲೆ ಅಲ್ಲಾಡಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಕೈ ಚಾಚಿ, ಪರದೆಯ ಮೇಲೆ ನೋವು ಎಂಬಲ್ಲಿ ಬೆರಳಿಟ್ಟು ಎರಡು ಸಲ ಕುಟ್ಟಿದಳು.

"ತಪ್ಪಾತು ಯವ್ವಾ," ಅಂದೆ. ಅಳಿಸಿದೆ. ಹುಡುಕಿ ಹುಡುಕಿ 'ಹಿಡಕೊಂಡೈತಿ' ಎಂದು ಬರೆದೆ, ಮೊದಲಿನಿಂದ ಓದಿದೆ.

ಹೌದೆಂದು ತಲೆಯಾಡಿಸಿದಳು. ಅದನ್ನು ಗುಡ್ಡಕ್ಕೆ ಕಳಿಸಿದೆ.